ಆರು ಎಣಿಸುವುದರೊಳಗೆ

"ಅಕ್ಕಾ, ಬೇಗ ಬನ್ನಿ! ಕೈ ಒರೆಸ್ಕೊಂಡು ಬನ್ನಿ ಮತ್ತೆ, ಇದರ ಮೇಲೆ ಒಂದು ಹನಿ ಬಿದ್ರೂ ನಾನು ಬದುಕಲ್ಲ!"

ಗುಬ್ಬಿ ಕಿಟಕಿಯ ಬಳಿ ನಿಂತಿದ್ದಳು. ಕತ್ತಲೆಕೋಣೆಯಿಂದ ಆಗತಾನೇ ಹೊರಬಂದ, ಇನ್ನೂ ತೇವ ಆರದ ಫಿಲ್ಮನ್ನು ತುದಿಬೆರಳುಗಳಲ್ಲಿ ಹಿಡಿದು, ಒಗೆದ ಬಟ್ಟೆ ಹರವುವವಳಂತೆ ಬೆಳಕಿಗೆ ಒಡ್ಡಿದ್ದಳು. ಅವಳ ನಿಜವಾದ ಹೆಸರು ಪ್ರಯೋಗಾಲಯದ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ತಟ್ಟೆಯ ಊಟವನ್ನು ಹೆಕ್ಕಿ ಹೆಕ್ಕಿ ತಿನ್ನುವುದನ್ನೂ, ಒಂದು ಮೇಜಿನಿಂದ ಇನ್ನೊಂದಕ್ಕೆ ಕುಪ್ಪಳಿಸಿಯೇ ಹೋಗುವುದನ್ನೂ ಕಂಡು ಮೂರು ವರ್ಷದ ಹಿಂದೆ ಅಕ್ಕನೇ ಇಟ್ಟ ಹೆಸರು ಅದು. ಈಗ ಪ್ರಯೋಗಾಲಯದ ಮುಖ್ಯಸ್ಥೆ ದೊಡ್ಡ ಮೇಡಂ ಕೂಡ ಹಾಗೆಯೇ ಕರೆಯುತ್ತಿದ್ದರು.

ತೊಳೆಯುತ್ತಿದ್ದ ಗಾಜಿನ ಸಾಮಾನುಗಳನ್ನು ಅಲ್ಲಿಗೇ ಬಿಟ್ಟು ಅಕ್ಕ ಏಪ್ರನ್ನಿಗೆ ಕೈ ಒರೆಸುತ್ತ ಬಂದಳು. ಐವತ್ತಮೂರು ವರ್ಷದ ಗಟ್ಟಿಮುಟ್ಟಾದ ಹೆಂಗಸು. ಆ ಪ್ರಯೋಗಾಲಯದಲ್ಲಿ ಅವಳಿಗಿಂತ ಹಳೆಯದು ಗೋಡೆಗಳು ಮತ್ತು ದೊಡ್ಡ ಮೇಡಂ ಮಾತ್ರ.

ಫಿಲ್ಮಿನ ಮೇಲೆ ಎರಡು ಸಾಲುಗಳಿದ್ದವು. ಮೇಲಿನದು ಹೃದಯದ್ದು, ಕೆಳಗಿನದು ಕಾಲಿನ ಮಾಂಸಖಂಡದ್ದು. ಒಂದೊಂದು ಸಾಲಿನಲ್ಲೂ ಹದಿನಾರು ಇಲಿಗಳ ಹದಿನಾರು ಅಡ್ಡಗೀಟು. ಎಡಗಡೆಯ ಎಂಟು, ಬರೀ ನೀರು ಕುಡಿದ ಇಲಿಗಳವು; ಬಲಗಡೆಯ ಎಂಟು, ಮದ್ದು ಕುಡಿದವುಗಳವು. ಮಾಂಸಖಂಡದ ಪ್ರತಿ ಜೀವಕೋಶದೊಳಗೂ ಸಂದೇಶ ಹೊತ್ತು ತಿರುಗುವ ಪ್ರೋಟೀನುಗಳಿರುತ್ತವೆ. ಅವುಗಳಲ್ಲೊಂದು, ಒಳಗಿನ ಇಂಧನ ಕಡಮೆಯಾಗುತ್ತಿದ್ದಂತೆ ರಂಜಕದ ಚಿಕ್ಕದೊಂದು ಗುರುತನ್ನು ಮೈಗಂಟಿಸಿಕೊಂಡು, ಖರ್ಚು ನಿಲ್ಲಿಸಿ, ಹೊಸ ಇಂಧನ ತನ್ನಿ ಎಂದು ಕೋಶಕ್ಕೆಲ್ಲ ಸಾರುತ್ತದೆ. ಎಷ್ಟು ಪ್ರೋಟೀನು ಆ ಗುರುತನ್ನು ತೊಟ್ಟಿತ್ತೋ ಅಷ್ಟು ಕಪ್ಪು ಫಿಲ್ಮಿನ ಗೀಟು. ಸೋತ ಹೃದಯಗಳಲ್ಲಿ ಈ ಸಾರುವ ದನಿಯನ್ನು ಎತ್ತರಿಸಬಲ್ಲ ಮದ್ದೊಂದನ್ನು ಗುಬ್ಬಿ ಮೂರು ವರ್ಷದಿಂದ ಬೆನ್ನಟ್ಟಿದ್ದಳು.

"ನೋಡಿ, ನೋಡಿ. ನೀರು ಕುಡಿದೋರು ಬಿಳಿಚ್ಕೊಂಡಿದ್ದಾರೆ. ಮದ್ದು ಕುಡಿದೋರು ಕಾಡಿಗೆ ಹಚ್ಕೊಂಡಿದ್ದಾರೆ. ಈಗ ಕೆಳಗೆ ಕಾಲು ನೋಡಿ. ಎಲ್ಲಾ ಒಂದೇ ಬಣ್ಣ! ಈ ಮದ್ದು ಹೃದಯದ ಹತ್ರ ಮಾತ್ರ ಮಾತಾಡುತ್ತೆ ಅಕ್ಕಾ. ಕಾಲಿನ ಹತ್ರ ತುಟಿ ಬಿಚ್ಚಲ್ಲ!"

"ನಮ್ಮ ನಾದಿನಿ ಹಾಗೆ. ಅಣ್ಣನ ಹತ್ರ ಮಾತು, ನನ್ನ ಹತ್ರ ಮೌನ," ಎಂದಳು ಅಕ್ಕ.

ಗುಬ್ಬಿ ನಕ್ಕಳು. ಆ ನಗುವಿನಲ್ಲಿ ಮೂರು ವರ್ಷದ ನಿದ್ದೆಗೆಟ್ಟ ದಣಿವೆಲ್ಲ ತೊಳೆದುಹೋಯಿತು. ಅವಳ ಸಂಶೋಧನೆಯ ಅವಧಿ ಮುಗಿಯಲು ಆರು ತಿಂಗಳು ಬಾಕಿ. ಸಮ್ಮೇಳನಕ್ಕೆ ಸಾರಾಂಶ ಕಳುಹಿಸಲು ಸೋಮವಾರ ಸಂಜೆ ಕೊನೆ. ಆ ದಿನ ಶುಕ್ರವಾರ.

"ಇವನೊಬ್ಬ ಮಾತ್ರ ತರಲೆ. ಏಳನೆಯವನು." ಗುಬ್ಬಿಯ ಉಗುರು ಎಡಗಡೆಯ ಗುಂಪಿನಲ್ಲಿ ಒಂಟಿಯಾಗಿ ಕಪ್ಪಗೆ ಕೂತಿದ್ದ ಗೀಟಿನ ಮೇಲೆ ನಿಂತಿತು. "ನೀರು ಕುಡಿದು ಮದ್ದು ಕುಡಿದೋನ ಥರ ಆಡ್ತಿದ್ದಾನೆ. ಆವತ್ತು ಏನಾದ್ರೂ ಎಡವಟ್ಟಾಗಿತ್ತಾ ಅಕ್ಕಾ? ಆಗಿದ್ರೆ ಹೇಳಿಬಿಡಿ, ಹಾಳಾದ ಸ್ಯಾಂಪಲ್ ಅಂತ ಬರೆದು ಬಿಟ್ಟುಬಿಡ್ತೀನಿ."

"ಏನಾಗಿತ್ತು ಅಂತ... ನೆನಪಿಲ್ಲ ಕಣೆ."

ಅದು ಸುಳ್ಳು. ಏಳನೆಯ ಇಲಿಯ ದಿನವನ್ನು ಅಕ್ಕ ಮರೆಯುವುದು ಸಾಧ್ಯವೇ ಇರಲಿಲ್ಲ. ಆ ಬೆಳಗ್ಗೆ ಅವಳ ಕೈಯಿಂದ ಕತ್ತರಿ ಜಾರಿಬಿದ್ದಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಅಕ್ಕ ಮಾರುಕಟ್ಟೆಯಲ್ಲಿ ಮೀನು ಹೆಚ್ಚುತ್ತಿದ್ದಳು. ದೊಡ್ಡ ಮೇಡಂ ಆಗ ಇನ್ನೂ ದೊಡ್ಡವರಾಗಿರಲಿಲ್ಲ; ವಾರಕ್ಕೊಮ್ಮೆ ಬಂದು, ಮೀನು ಕೊಳ್ಳುವುದನ್ನು ಮರೆತು, ಅವಳ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಒಂದು ದಿನ, "ನನಗೆ ನಿಮ್ಮ ಮೀನು ಬೇಡ, ನಿಮ್ಮ ಕೈ ಬೇಕು," ಎಂದು ಕೇಳಿಯೇಬಿಟ್ಟರು. ಅಕ್ಕ ಮೊದಲು ಹೆದರಿದಳು, ಆಮೇಲೆ ನಕ್ಕಳು, ಮುಂದಿನ ತಿಂಗಳು ಕೆಲಸಕ್ಕೆ ಸೇರಿದಳು.

ಕೆಲಸವೆಂದರೆ ಇಷ್ಟೇ. ಅರಿವಳಿಕೆ ಕೊಟ್ಟು ಮಲಗಿಸಿದ ಇಲಿಯ ಎದೆಗೂಡು ತೆರೆದು, ಹೃದಯವನ್ನು ಎತ್ತಿ, ದ್ರವ ಸಾರಜನಕದಲ್ಲಿ ಅದ್ದಿಟ್ಟ ಅಗಲ ಬಾಯಿಯ ಇಕ್ಕಳದ ನಡುವೆ ಒತ್ತಿ ಹಿಡಿಯಬೇಕು. ಒತ್ತಿದ ಕ್ಷಣವೇ ಅದು ಹಾಳೆಯಷ್ಟು ತೆಳ್ಳಗೆ, ಕಲ್ಲಿನಷ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಒಳಗಿನ ಸಂದೇಶಗಳೆಲ್ಲ ಇದ್ದಲ್ಲೇ ನಿಲ್ಲುತ್ತವೆ. ಆದರೆ ರಕ್ತ ನಿಂತ ಕೂಡಲೇ ಹೃದಯ ಹಸಿಯತೊಡಗುತ್ತದೆ. ತಡವಾದಷ್ಟೂ ಆ ಪ್ರೋಟೀನು ತಾನಾಗಿಯೇ ಗುರುತು ತೊಟ್ಟು ಸಾರಲು ಶುರುಮಾಡುತ್ತದೆ. ಹಾಗಾಗಿ ಎಲ್ಲವೂ ಆರು ಎಣಿಸುವುದರೊಳಗೆ ಮುಗಿಯಬೇಕು. ವಿಶ್ರಾಂತಿಯಲ್ಲಿರುವ ಕಾಲಿನ ಮಾಂಸಖಂಡಕ್ಕೆ ಅಷ್ಟು ಅವಸರವಿಲ್ಲ, ಅದಕ್ಕೆ ತಾಳ್ಮೆ ಹೆಚ್ಚು. ಇದನ್ನು ಅಕ್ಕ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಮೇಡಂ ಮೊದಲ ವಾರ ಹೇಳಿಕೊಟ್ಟಿದ್ದರು, ಅವಳು ಕೈಗೆ ಕಲಿಸಿಕೊಂಡಿದ್ದಳು.

ಅಲ್ಲಿಂದೀಚೆಗೆ ಆರು ಎನ್ನುವುದು ಒಮ್ಮೆಯೂ ಏಳಾದದ್ದನ್ನು ಯಾರೂ ಕಂಡಿರಲಿಲ್ಲ. ಬೇರೆ ಪ್ರಯೋಗಾಲಯಗಳಲ್ಲಿ ಸೆಕೆಂಡು ಎಣಿಸುವ ಗಡಿಯಾರ ಹಿಡಿದು ಪಕ್ಕದಲ್ಲೊಬ್ಬರು ನಿಲ್ಲುತ್ತಾರಂತೆ. ಇಲ್ಲಿ ಅಂಥ ಗಡಿಯಾರದ ಬ್ಯಾಟರಿ ಹೋಗಿ ಎಷ್ಟೋ ವರ್ಷಗಳಾಗಿದ್ದವು, ಯಾರೂ ಬದಲಾಯಿಸಿರಲಿಲ್ಲ. ಹೊಸದಾಗಿ ಬಂದವರು ಕೇಳಿದರೆ, "ಅಕ್ಕನ ಕೈ ಇದೆಯಲ್ಲ," ಎಂದು ಉತ್ತರ.

ಆ ಕೈಗೆ ಕಳೆದ ನಾಲ್ಕು ತಿಂಗಳಿಂದ ಏನೋ ಆಗಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರೂ ಜೋಮು ಹಿಡಿದಂತೆ. ಹತ್ತಿಯ ಕೈಗವಸಿನೊಳಗಿಂದ ಮುಟ್ಟಿದಂತೆ. ಬೆಳಗ್ಗೆ ಹೆಚ್ಚು ಕಡಮೆ ಸರಿಯಿರುತ್ತಿತ್ತು. ಒಂದಷ್ಟು ಕೆಲಸವಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಬೆರಳುಗಳು ತಮ್ಮ ಪಾಡಿಗೆ ತಾವು ಎಲ್ಲೋ ಹೋಗಿಬಿಡುತ್ತಿದ್ದವು. ಅಕ್ಕ ಕತ್ತರಿಯನ್ನು ಬೇರೆ ಬೆರಳಿಗೆ ದಾಟಿಸಿಕೊಂಡಳು, ಇಕ್ಕಳವನ್ನು ಮುಂಗೈಯಿಂದ ಒತ್ತುವುದನ್ನು ಕಲಿತಳು, ಯಾರಿಗೂ ಹೇಳಲಿಲ್ಲ. ಮೇಡಂ ಕೊಂಡದ್ದು ಅವಳ ಕೈಯನ್ನು. ಕೈಯೇ ಇಲ್ಲದ ಮೇಲೆ ಅವಳು ಅಲ್ಲಿ ಯಾರು?

ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವಳ ತಲೆಯಲ್ಲಿ ಏಳನೆಯ ಗೀಟು ಕೊರೆಯುತ್ತಲೇ ಇತ್ತು. ಕತ್ತರಿ ಬಿದ್ದದ್ದು ಬೆಳಗ್ಗೆ, ನೀರು ಕುಡಿದ ಇಲಿ, ತಡವಾಯಿತು, ಗೀಟು ಕಪ್ಪಾಯಿತು. ಅದೇನೋ ಸರಿ. ಬಸ್ಸು ಸೇತುವೆ ಹತ್ತುವ ಹೊತ್ತಿಗೆ ಅವಳು ಸೀಟಿನಿಂದ ಅರ್ಧ ಎದ್ದುಬಿಟ್ಟಳು. ನೀರಿನ ಇಲಿಗಳನ್ನೆಲ್ಲ ಮುಗಿಸಿದ್ದು ಬೆಳಗ್ಗೆ. ಮದ್ದು ಕುಡಿಸಿದ ಮೇಲೆ ಐದು ಗಂಟೆ ಕಾಯಬೇಕಿತ್ತು. ಆದ್ದರಿಂದ ಮದ್ದಿನ ಇಲಿಗಳು, ಎಂಟಕ್ಕೆ ಎಂಟೂ, ಮಧ್ಯಾಹ್ನ.

ಎದುರಿನ ಸೀಟಿನ ಮುದುಕಿ, "ಯಾಕಮ್ಮಾ, ಸ್ಟಾಪು ಬಿಟ್ಟುಹೋಯ್ತಾ?" ಎಂದು ಕೇಳಿದಳು.

"ಇಲ್ಲ ಅಜ್ಜಿ. ಇನ್ನೂ ಬಂದಿಲ್ಲ."

ಮರುದಿನ ರಜೆ. ತಿಂಡಿಯಾದ ಕೂಡಲೇ ಅಕ್ಕ ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ಟೊಮೇಟೊ ಸಾಲಾಗಿ ಇಟ್ಟು, ಹೊಲಿಗೆಯ ಕತ್ತರಿಯನ್ನೂ ಒಲೆಯ ಪಕ್ಕದ ಇಕ್ಕಳವನ್ನೂ ತಂದಿಟ್ಟು, ಗಂಡನನ್ನು ಕರೆದಳು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಅವನಿಗೆ ಹೆಂಡತಿಯ ಯಾವ ಅಪ್ಪಣೆಯನ್ನೂ ಪ್ರಶ್ನಿಸದೆ ಪಾಲಿಸಿ, ಆಮೇಲೆ ಗೊಣಗುವ ಅಭ್ಯಾಸ.

"ರೀ, ನಿಮ್ಮ ಫೋನಲ್ಲಿ ಸೆಕೆಂಡು ತೋರಿಸುತ್ತಲ್ಲ, ಅದನ್ನ ಹಿಡ್ಕೊಳ್ಳಿ. ನಾನು ಶುರು ಅಂದಾಗ ಒತ್ತಿ, ಆಯ್ತು ಅಂದಾಗ ನಿಲ್ಲಿಸಿ."

"ಟೊಮೇಟೊಗೆ ಏನು ಕಾಯಿಲೆ?"

"ಶುರು!"

ಸಿಪ್ಪೆಯನ್ನು ಕತ್ತರಿಯಿಂದ ಸೀಳಿ, ಒಳಗಿನ ತಿರುಳನ್ನು ಎತ್ತಿ, ಇಕ್ಕಳದ ನಡುವೆ ಇಟ್ಟು ಒತ್ತಿದಳು. ರಸ ಗೋಡೆಗೆ ಹಾರಿತು.

"ಏಳು," ಎಂದ ಗಂಡ. "ಈಗ ಗೋಡೆ ಒರೆಸೋದು ಯಾರು?"

ಇನ್ನೊಂದಕ್ಕೂ ಏಳೇ. ಉಳಿದ ಎರಡನ್ನು ಹಾಗೆಯೇ ಬಿಟ್ಟು ಅಕ್ಕ ವಾರದ ಬಟ್ಟೆಯನ್ನೆಲ್ಲ ಕೈಯಲ್ಲೇ ಒಗೆದಳು, ಹಿಂಡಿದಳು, ಪಾತ್ರೆ ಉಜ್ಜಿದಳು. ಮೂರು ಗಂಟೆಗೆ ಮತ್ತೆ ಕಟ್ಟೆಯ ಮುಂದೆ ನಿಂತಳು. "ಶುರು," ಎಂದಳು. ಕತ್ತರಿಯ ಕಣ್ಣಿಗೆ ಹೆಬ್ಬೆರಳು ಹೋಗಿದೆಯೋ ಇಲ್ಲವೋ ನೋಡಿಯೇ ತಿಳಿಯಬೇಕಾಯಿತು. ತಿರುಳು ಒಮ್ಮೆ ಜಾರಿತು. ಇಕ್ಕಳದ ಹಿಡಿ ಕೈಯಲ್ಲಿ ಕೂರಲಿಲ್ಲ.

ಈ ಸಲ ಗಂಡ ಅಂಕಿಯನ್ನು ಹೇಳಲಿಲ್ಲ. ಫೋನನ್ನೇ ಅವಳ ಮುಖದ ಮುಂದೆ ಹಿಡಿದ. ಹತ್ತೊಂಬತ್ತು.

"ಎಷ್ಟು ದಿನದಿಂದ?" ಎಂದು ಕೇಳಿದ.

"ನಾಲ್ಕು ತಿಂಗಳು."

"ಗೇರು ಸರಿಯಾಗಿ ಕೂರ್ತಿಲ್ಲ ಅಂತ ಗೊತ್ತಿದ್ದೂ ಜನ ತುಂಬ್ಕೊಂಡು ಓಡಿಸ್ತಿದ್ದೆ ಅನ್ನು."

ಆ ಮಾತು ಅವಳಿಗೆ ಚುಚ್ಚಿತು, ಏಕೆಂದರೆ ಅವನು ಚುಚ್ಚಲೆಂದು ಆಡಿರಲಿಲ್ಲ. ಡಿಪೋದಲ್ಲಿ ತನ್ನ ಕಣ್ಣು ಮಂಜಾಗುತ್ತಿದೆ ಎಂದು ತಾನಾಗಿಯೇ ಹೋಗಿ ಬರೆದುಕೊಟ್ಟು, ನಿವೃತ್ತಿಗೆ ಎರಡು ವರ್ಷ ಮುಂಚೆ ಸ್ಟೇರಿಂಗ್ ಬಿಟ್ಟು ಟಿಕೆಟ್ ಕೌಂಟರಿನಲ್ಲಿ ಕೂತವನು ಅವನು. ಆಗ, ಸುಮ್ಮನಿರಬಾರದಿತ್ತೇ ಎಂದು ಬೈದವಳು ಅವಳೇ.

"ಹೇಳಿದ್ರೆ ಆ ಹುಡುಗಿಯ ಮೂರು ವರ್ಷದ ಕೆಲಸ ನೀರಿಗೆ ಹೋಗುತ್ತೆ ರೀ."

"ಹೇಳದಿದ್ರೆ?"

ಅಕ್ಕ ಒದ್ದೆ ಬಟ್ಟೆ ತಂದು ಗೋಡೆ ಒರೆಸತೊಡಗಿದಳು. ಅವನು ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡ.

ಸೋಮವಾರ ಬೆಳಗ್ಗೆ ಅವಳು ಎಲ್ಲರಿಗಿಂತ ಮೊದಲು ಹೋದಳು. ಆದರೆ ಗುಬ್ಬಿ ಅವಳಿಗಿಂತಲೂ ಮೊದಲೇ ಬಂದು, ಸಾರಾಂಶವನ್ನು ಕಂಪ್ಯೂಟರಿನ ಪರದೆಯ ಮೇಲೆ ಹರವಿಕೊಂಡು, ಒಂದೊಂದೇ ಪದ ಹೆಕ್ಕುತ್ತ ಕೂತಿದ್ದಳು. ಕಣ್ಣು ಕೆಂಪಗಿತ್ತು, ಮುಖದಲ್ಲಿ ಹಬ್ಬವಿತ್ತು.

"ಅಕ್ಕಾ, ಕೊನೇಲಿ ಕೃತಜ್ಞತೆ ಅಂತ ನಿಮ್ಮ ಹೆಸರು ಹಾಕಿದೀನಿ. ನಿಮ್ಮ ನಿಜವಾದ ಹೆಸರು! ಹಾಜರಿ ಪುಸ್ತಕ ನೋಡಿ ಬರ್ಕೊಂಡೆ."

ಅಕ್ಕ ಎದುರಿನ ಸ್ಟೂಲು ಎಳೆದು ಕೂತಳು. ದಾರಿಯುದ್ದಕ್ಕೂ ಪೋಣಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಕೊನೆಗೆ ಪೋಣಿಸದೆಯೇ ಹೇಳಿದಳು.

"ಏಳನೆಯವನ ದಿನ ಕತ್ತರಿ ಬಿದ್ದಿತ್ತು ಕಣೆ. ತಡ ಆಯ್ತು."

"ಅಯ್ಯೋ, ಅಷ್ಟೇನಾ! ಅವತ್ತೇ ಹೇಳಿದ್ರೆ ಆಗ್ತಿತ್ತು. ಈಗ್ಲೇ ತೆಗೆದುಬಿಡ್ತೀನಿ."

"ಅವನನ್ನ ತೆಗೀಬೇಡ. ಅವನು ನಿಜ ಹೇಳ್ತಿದ್ದಾನೆ." ಅಕ್ಕ ಬಲಗೈಯನ್ನು ಮೇಜಿನ ಮೇಲೆ, ತನ್ನದಲ್ಲದ ವಸ್ತುವನ್ನು ಇಟ್ಟಂತೆ ಇಟ್ಟಳು. "ಈ ಮೂರು ಬೆರಳಿಗೆ ನಾಲ್ಕು ತಿಂಗಳಿಂದ ಸ್ಪರ್ಶ ಇಲ್ಲ. ಬೆಳಗ್ಗೆ ಹೇಗೋ ನಡೆಯುತ್ತೆ. ಮಧ್ಯಾಹ್ನ ನನ್ನದು ಆರಲ್ಲ, ಹದಿನೆಂಟು, ಹತ್ತೊಂಬತ್ತು. ಮದ್ದಿನ ಇಲಿ ಎಲ್ಲಾ ಮಧ್ಯಾಹ್ನದ್ದು. ಕಪ್ಪಾಗಿರೋದು ಮದ್ದಿಂದಾನೋ ನನ್ನಿಂದಾನೋ, ಆ ಫಿಲ್ಮಿಗೆ ಗೊತ್ತಿಲ್ಲ. ಕಾಲು ಯಾಕೆ ಸುಮ್ನಿದೆ ಅಂದ್ರೆ, ಕಾಲಿಗೆ ತಡ ಆದ್ರೂ ನಡೆಯುತ್ತೆ."

ಗುಬ್ಬಿ ಫಿಲ್ಮಿನ ಕಡೆ ನೋಡಿದಳು, ಕೈಯ ಕಡೆ ನೋಡಿದಳು. ಅರ್ಥವಾಗುವುದಕ್ಕೆ ಅವಳಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಬುದ್ಧಿವಂತೆಯಾಗಿರುವುದರ ಕಷ್ಟ ಅದು. ಮುಖದ ಬಣ್ಣ ಇಳಿಯಿತು.

"ನಾಲ್ಕು ತಿಂಗಳು... ಅಕ್ಕಾ, ನಾಲ್ಕು ತಿಂಗಳು ದಿನಾ ನನ್ನ ಪಕ್ಕದಲ್ಲೇ ನಿಂತಿದ್ರಿ! ಒಂದು ಮಾತು! ಒಂದೇ ಒಂದು ಮಾತು ಹೇಳೋಕೆ ಬಾಯಿ ಬರ್ಲಿಲ್ವಾ ನಿಮಗೆ?"

"ಬರ್ಲಿಲ್ಲ."

"ಶುಕ್ರವಾರ ಕೇಳಿದೆ! ಮುಖ ನೋಡಿ ಕೇಳಿದೆ!"

"ನೀನು ಕೇಳ್ದೆ. ನಾನು ಸುಳ್ಳು ಹೇಳಿದೆ."

ಗುಬ್ಬಿ ಎದ್ದು ಹೊರಗೆ ಹೋದಳು. ಕುಪ್ಪಳಿಸಲಿಲ್ಲ. ಕಾರಿಡಾರಿನ ತುದಿಯ ಬಾಗಿಲು ದಡಾರನೆ ಹಾಕಿಕೊಂಡ ಸದ್ದು ಕೇಳಿಸಿತು. ಅಕ್ಕ ಅಲ್ಲೇ ಕೂತಳು. ಪರದೆ ಕಪ್ಪಾಯಿತು, ತನ್ನ ಹೆಸರು ಅದರೊಳಗೆ ಎಲ್ಲಿ ಬರೆದಿತ್ತೆಂದು ಅವಳಿಗೆ ತಿಳಿಯಲೂ ಇಲ್ಲ.

ಅರ್ಧ ಗಂಟೆಯ ಮೇಲೆ ಗುಬ್ಬಿ ಮುಖ ತೊಳೆದುಕೊಂಡು ಬಂದಳು. ಅಕ್ಕನ ಕಡೆ ನೋಡದೆ ಪ್ರಯೋಗದ ಪುಸ್ತಕವನ್ನು ಎತ್ತಿಕೊಂಡಳು. "ಬನ್ನಿ. ಮೇಡಂ ಬಂದಿದ್ದಾರೆ," ಎಂದಳು.

ದೊಡ್ಡ ಮೇಡಂ ಮಾತು ಕಡಮೆ, ಕೇಳುವುದು ಹೆಚ್ಚು. ಅಕ್ಕ ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಹಾಳೆಗಳನ್ನು ಮಗುಚಿದರು. ಇಲಿಗಳ ತೂಕ, ಕೋಣೆಯ ತಾಪಮಾನ, ಪಂಜರಕ್ಕೆ ಹಾಸಿದ ಹೊಟ್ಟು ಬದಲಾಯಿಸಿದ ದಿನ, ಎಲ್ಲವೂ ಗುಬ್ಬಿಯ ದುಂಡು ಅಕ್ಷರಗಳಲ್ಲಿ ಇತ್ತು.

"ಸೆಕೆಂಡು ಎಲ್ಲಿ?" ಎಂದು ಕೇಳಿದರು.

"ಬರೆದಿಲ್ಲ ಮೇಡಂ. ಅಕ್ಕನ ಕೈ ಅಂತ..."

"ಬೆಳಗ್ಗೆ ಎಲ್ಲಾ ನೀರು, ಮಧ್ಯಾಹ್ನ ಎಲ್ಲಾ ಮದ್ದು. ಯಾಕೆ?"

ಗುಬ್ಬಿ ನಾಲಿಗೆ ಕಚ್ಚಿಕೊಂಡಳು. "ಒಂದು ದಿನಕ್ಕೆ ಎರಡು ಮುಗೀಲಿ ಅಂತ. ಅದು ನನ್ನ ತಪ್ಪು. ಅರ್ಧ ದಿನ ಉಳಿಸೋಕೆ ಹೋದೆ."

ಮೇಡಂ ಪುಸ್ತಕ ಮುಚ್ಚಿದರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅಕ್ಕ ಕಾದಳು. ಹೊರಗೆ ಯಾರೋ ಗಾಡಿಯಲ್ಲಿ ಗಾಜಿನ ಬಾಟಲಿಗಳನ್ನು ತಳ್ಳಿಕೊಂಡು ಹೋದರು. ಅವುಗಳ ಕಿಣಿಕಿಣಿ ದೂರವಾಯಿತು.

"ಈ ಹುಡುಗೀಗೆ ಎಲ್ಲಾನೂ ಅಳೆದು ಬರೀಬೇಕು ಅಂತ ಹೇಳಿಕೊಟ್ಟೋಳು ನಾನು," ಎಂದರು ಮೇಡಂ. "ಒಂದನ್ನ ಮಾತ್ರ ಅಳೀಬೇಡ ಅಂತ ಹೇಳಿಕೊಟ್ಟೋಳೂ ನಾನೇ. ಗಡಿಯಾರಕ್ಕೆ ಬ್ಯಾಟರಿ ತರ್ಸೋದು ನನ್ನ ಕೆಲಸ ಆಗಿತ್ತು."

"ಮೇಡಂ, ಹೊಟ್ಟೆಗೆ ಹಾಕ್ಕೊಳ್ಳಿ. ನಾಳೆಯಿಂದ ನಾನು ಬರೋದು ಬೇಡ ಅಂದ್ರೆ..."

"ಯಾರು ಹಾಗಂದಿದ್ದು? ನಾಳೆ ನೀವು ಡಾಕ್ಟರ ಹತ್ರ ಹೋಗ್ತೀರಿ. ನಾಡಿದ್ದು ಇಲ್ಲಿಗೆ ಬರ್ತೀರಿ." ಅವರು ಗುಬ್ಬಿಯ ಕಡೆ ತಿರುಗಿದರು. "ಸಾರಾಂಶ ಕಳಿಸ್ಬೇಡ. ಅತ್ತಿದ್ದು ಸಾಕು. ನಿನ್ನ ಫಿಲ್ಮ್ ಸತ್ತಿದೆಯೋ ಬದುಕಿದೆಯೋ ಮೊದಲು ನೋಡು. ಹೇಗೆ ನೋಡ್ತೀಯ?"

ಗುಬ್ಬಿ ಬೆರಳು ಮಡಿಸತೊಡಗಿದಳು. "ಯಾರಿಗೂ ಮದ್ದು ಕೊಡದೆ, ಬೇಕಂತಲೇ ತಡ ಮಾಡಿ... ಐದು ಸೆಕೆಂಡು, ಹತ್ತು, ಹದಿನೈದು, ಇಪ್ಪತ್ತು."

"ಹೂಂ. ಮಾಡು."

ಆ ವಾರ ಅಕ್ಕ ಮಾಡಿದ್ದು ಬೆಳಗಿನ ಕೆಲಸ ಮಾತ್ರ, ಅದೂ ದಿನಕ್ಕೊಂದೇ ಇಲಿ. ಹೊಸ ಬ್ಯಾಟರಿಯ ಗಡಿಯಾರವನ್ನು ಗುಬ್ಬಿ ಹಿಡಿದಳು. ಹೃದಯವನ್ನು ಎತ್ತಿದ ಮೇಲೆ ಇಕ್ಕಳವನ್ನು ಒತ್ತದೆ ಕಾಯುವುದು ಅಕ್ಕನಿಗೆ ಬಹಳ ಕಷ್ಟವಾಯಿತು. ಇಪ್ಪತ್ತೆರಡು ವರ್ಷದಲ್ಲಿ ಕೈಗೆ ಕಲಿಸದೆ ಬಿಟ್ಟ ಪಾಠ ಅದೊಂದೇ. ಅವರಿಬ್ಬರ ನಡುವೆ ಅಂಕಿಗಳ ಹೊರತು ಮಾತಿರಲಿಲ್ಲ. "ಹತ್ತು," ಎನ್ನುತ್ತಿದ್ದಳು ಗುಬ್ಬಿ. "ಆಯ್ತು," ಎನ್ನುತ್ತಿದ್ದಳು ಅಕ್ಕ. ಕೊನೆಯ ದಿನ, ಇಪ್ಪತ್ತು ಸೆಕೆಂಡು ಕಾಯುವಾಗ, ತಟ್ಟೆಯ ಮೇಲಿದ್ದ ಹೃದಯ ತನ್ನಷ್ಟಕ್ಕೆ ಮೂರು ಸಲ ಮಿಡಿದು ನಿಂತಿತು. ಇಬ್ಬರೂ ಅದನ್ನು ನೋಡಿದರು.

"ಯಾರೂ ಹೇಳ್ದೇನೆ ಮಿಡಿಯುತ್ತೆ ನೋಡು," ಎಂದಳು ಅಕ್ಕ, ಇಕ್ಕಳ ಒತ್ತುತ್ತ. "ಕಾಲು ಹಾಗಲ್ಲ. ಅಪ್ಪಣೆ ಬರದೆ ಒಂದು ಕೂದಲೂ ಅಲುಗಿಸಲ್ಲ."

"ಸರ್ಕಾರಿ ನೌಕರ," ಎಂದಳು ಗುಬ್ಬಿ. ಗಡಿಯಾರ ಹಿಡಿದ ಮೇಲೆ ಅವಳು ಅಕ್ಕನೊಂದಿಗೆ ಆಡಿದ, ಅಂಕಿಯಲ್ಲದ ಮೊದಲ ಮಾತು ಅದು.

ಫಿಲ್ಮು ಬಂದಾಗ ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಮೇಲಿನ ಸಾಲಿನಲ್ಲಿ ಐದು ಸೆಕೆಂಡಿಗೆ ಬಿಳಿಚು, ಹತ್ತಕ್ಕೆ ಬೂದಿ, ಹದಿನೈದಕ್ಕೆ ಕಪ್ಪು, ಇಪ್ಪತ್ತಕ್ಕೆ ಕಾಡಿಗೆ, ಮೆಟ್ಟಿಲು ಇಳಿದಂತೆ. ಕೆಳಗಿನ ಸಾಲಿನಲ್ಲಿ ಕಾಲಿನ ಗೀಟುಗಳು ಒಂದೇ ಬಣ್ಣದಲ್ಲಿ ನೆಟ್ಟಗೆ ಸಾಲುಗಟ್ಟಿದ್ದವು. ಹೃದಯದೊಂದಿಗೆ ಮಾತ್ರ ಮಾತಾಡುವ ಮದ್ದು ಎಂಬ ಮೂರು ವರ್ಷದ ಕನಸು ಎಂಟು ಗೀಟುಗಳಲ್ಲಿ ಮುಗಿದುಹೋಗಿತ್ತು. ಗುಬ್ಬಿ ಅದನ್ನು ಬಹಳ ಹೊತ್ತು ನೋಡಿದಳು. ಅಳುತ್ತಾಳೆಂದು ಅಕ್ಕ ಕಾದಳು. ಅವಳು ಅಳಲಿಲ್ಲ.

"ಇಷ್ಟು ಚೊಕ್ಕವಾಗಿ ಒಂದು ಫಿಲ್ಮ್ ನಾನು ಯಾವತ್ತೂ ಮಾಡಿರ್ಲಿಲ್ಲ ಅಕ್ಕಾ," ಎಂದಳು. ಸ್ವಲ್ಪ ತಡೆದು, "ಇನ್ನೊಂದು ಸಲ ಮಾಡೋಣ. ಮದ್ದು ಕೊಟ್ಟು. ಸರಿಯಾಗಿ," ಎಂದಳು.

"ಯಾರ ಕೈಯಲ್ಲಿ?"

"ನನ್ನ ಕೈಯಲ್ಲಿ. ಕಲಿಸ್ತೀರಾ?"

ಡಾಕ್ಟರು ಅಕ್ಕನ ಮುಂಗೈಗೆ ತಂತಿ ಅಂಟಿಸಿ, ಸಣ್ಣದೊಂದು ವಿದ್ಯುತ್ತು ಹಾಯಿಸಿದ್ದರು. ಹೆಬ್ಬೆರಳು ತಾನಾಗಿಯೇ ಕುಣಿದದ್ದನ್ನು ಕಂಡು ಅಕ್ಕನಿಗೆ ನಗು ಬಂದಿತ್ತು. ಮಾಂಸಖಂಡದಲ್ಲಿ ದೋಷವಿಲ್ಲ, ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿದೆ, ಸುದ್ದಿ ತಡವಾಗಿ ತಲುಪುತ್ತಿದೆ ಎಂದು ಡಾಕ್ಟರು ವಿವರಿಸಿದರು. ಚಿಕ್ಕ ಶಸ್ತ್ರಚಿಕಿತ್ಸೆ, ಎರಡು ವಾರಕ್ಕೆ ಹೊಲಿಗೆ ಬಿಚ್ಚುವುದು, ಸ್ಪರ್ಶ ಮರಳಲು ಕೆಲವು ತಿಂಗಳು. ಎಷ್ಟು ಮರಳುತ್ತದೆ ಎಂದು ಅಕ್ಕ ಕೇಳಿದಳು. ಬಹುಪಾಲು ಎಂದರು ಡಾಕ್ಟರು. ನಾಲ್ಕು ತಿಂಗಳು ಮುಂಚೆ ಬಂದಿದ್ದರೆ ಎಂಬ ಮಾತನ್ನು ಅರ್ಧಕ್ಕೆ ನಿಲ್ಲಿಸಿದರು.

ಹೀಗೆ, ಬಲಗೈಗೆ ಬಿಳಿ ಪಟ್ಟಿ ಸುತ್ತಿಕೊಂಡು ಅಕ್ಕ ಮೇಷ್ಟ್ರಾದಳು. ಎಡಗೈಯಲ್ಲಿ ಗಡಿಯಾರ. ಮೊದಲು ಟೊಮೇಟೊ, ಆಮೇಲೆ ಮಾರುಕಟ್ಟೆಯಿಂದ ತಂದ ಕೋಳಿಯ ಹೃದಯಗಳು. ಗುಬ್ಬಿಯ ಮೊದಲ ಅಂಕಿ ಇಪ್ಪತ್ತಾರು.

"ಇಷ್ಟು ಹೊತ್ತಿಗೆ ನಾನು ಎರಡು ಮೀನು ಹೆಚ್ಚಿ, ಗಿರಾಕಿ ಹತ್ರ ಜಗಳಾನೂ ಮುಗಿಸ್ತಿದ್ದೆ."

"ನೀವು ಮಾತಾಡಿಸಿದ್ರೆ ಹೇಗೆ ಮಾಡ್ಲಿ?"

"ಮಾತಾಡಿಸ್ತಾನೇ ಇರ್ತೀನಿ. ಕೈ ತನ್ನ ಪಾಡಿಗೆ ತಾನು ಮಾಡ್ಬೇಕು, ತಲೆ ನನ್ನ ಹತ್ರ ಜಗಳ ಆಡ್ತಾ ಇರ್ಬೇಕು. ಕತ್ತರಿ ನೋಡ್ಬೇಡ. ಮುಂದೆ ಹೋಗೋ ಜಾಗ ನೋಡು. ಹಾಂ... ಇಕ್ಕಳ ಹುಡುಕ್ತಿದ್ದೀಯ ಯಾಕೆ? ಅದು ಎಲ್ಲಿದೆ ಅಂತ ಮೊದಲೇ ಗೊತ್ತಿರ್ಬೇಕು. ನಿದ್ದೆಗಣ್ಣಲ್ಲಿ ದೀಪದ ಸ್ವಿಚ್ಚು ಸಿಗಲ್ವಾ ನಿಂಗೆ? ಹಾಗೆ."

ಇಪ್ಪತ್ತಾರು ಹದಿನೆಂಟಾಯಿತು. ಹದಿನೆಂಟು ಹನ್ನೊಂದಕ್ಕೆ ಬಂದು ಹತ್ತು ದಿನ ಅಲ್ಲೇ ಹಟ ಹಿಡಿದು ಕೂತಿತು. ಗುಬ್ಬಿ ಕತ್ತರಿ ಎಸೆದು, ತನ್ನಿಂದ ಆಗದೆಂದು ಮುಖ ಊದಿಸಿಕೊಂಡಳು. ಅಕ್ಕ ಅವಳ ಹಿಂದೆ ನಿಂತು, ಪಟ್ಟಿ ಸುತ್ತಿದ ಕೈಯನ್ನು ಅವಳ ಮೊಣಕೈಯ ಕೆಳಗೆ ಇಟ್ಟು ಸ್ವಲ್ಪ ಎತ್ತಿದಳು. "ಇಲ್ಲಿ ಬಿಗಿ ಹಿಡೀತಿದ್ದೀಯ. ಬಿಡು," ಎಂದಳು. ಮರುದಿನ ಒಂಬತ್ತು. ಮುಂದಿನ ವಾರ ಏಳು. ಒಂದು ಗುರುವಾರ ಆರು. ಆಮೇಲೆ ಮತ್ತೆ ಆರು. ಅಕ್ಕ ಗಡಿಯಾರವನ್ನು ಕಿವಿಯ ಹತ್ತಿರ ಹಿಡಿದು, ಓಡುತ್ತಿದೆಯೇ ಎಂದು ಪರೀಕ್ಷಿಸುವ ನಾಟಕವಾಡಿದಳು.

ಹೊಸ ಪ್ರಯೋಗವನ್ನು ದೊಡ್ಡ ಮೇಡಂ ತಾವೇ ಜೋಡಿಸಿಕೊಟ್ಟರು. ಹದಿನಾರು ಇಲಿಗಳು, ದಿನಕ್ಕೆರಡು. ಬೆಳಗ್ಗೆ ಯಾವುದು ಮಧ್ಯಾಹ್ನ ಯಾವುದು ಎಂಬುದಕ್ಕೆ ಚೀಟಿ ಎತ್ತಿದರು. ನೀರೋ ಮದ್ದೋ, ಐದು ಗಂಟೆ ಮುಂಚೆ ಬಂದು ಕುಡಿಸುವವರು ಅವರೊಬ್ಬರೇ. ಅದರ ಪಟ್ಟಿ ಅವರ ಮೇಜಿನ ಖಾನೆಯೊಳಗಿನ ಲಕೋಟೆಯಲ್ಲಿ. ಗುಬ್ಬಿಗೂ ಅಕ್ಕನಿಗೂ ಗೊತ್ತಿದ್ದದ್ದು ಇಲಿಯ ಸಂಖ್ಯೆ ಮಾತ್ರ. ಪುಸ್ತಕದಲ್ಲಿ ಈಗ ಪ್ರತಿ ಇಲಿಯ ಮುಂದೆಯೂ ಸೆಕೆಂಡು ಇತ್ತು, ಅಕ್ಕ ಎಡಗೈಯಲ್ಲಿ ಬರೆದ ಸೊಟ್ಟ ಅಂಕಿಗಳಲ್ಲಿ: ಆರು, ಆರು, ಏಳು, ಆರು.

ಕಡೆಯ ಫಿಲ್ಮು ಹೊರಬಂದದ್ದು ಒಂದು ಬೆಳಗ್ಗೆ, ಹತ್ತು ಗಂಟೆಯ ಸುಮಾರಿಗೆ. ಹೃದಯದ ಸಾಲಿನಲ್ಲಿ ಕಾಡಿಗೆಯ ಕಪ್ಪು ಎಲ್ಲಿಯೂ ಇರಲಿಲ್ಲ. ಹದಿನಾರು ಗೀಟುಗಳೂ ತೆಳ್ಳಗಿದ್ದವು, ನೀರಿನಲ್ಲಿ ಅದ್ದಿದ ಕುಂಚದಿಂದ ಎಳೆದಂತೆ. ಆದರೆ ನಿಧಾನವಾಗಿ ನೋಡಿದರೆ ಎಲ್ಲವೂ ಒಂದೇ ಸಮನಾಗಿರಲಿಲ್ಲ. ಕೆಲವು ಒಂದು ಎಳೆ ಹೆಚ್ಚು ಗಾಢ. ಕಣ್ಣಿನ ಭ್ರಮೆಯೋ ಏನೋ ಎಂದು ಗುಬ್ಬಿ ಫಿಲ್ಮನ್ನು ತಿರುಗಿಸಿ ನೋಡಿದಳು. ತಿರುಗಿಸಿದರೂ ಅವೇ ಗಾಢವಾಗಿದ್ದವು.

ಮೇಡಂ ಲಕೋಟೆ ಹಿಡಿದುಕೊಂಡು ಬಂದರು. ಗುಬ್ಬಿ ಫಿಲ್ಮನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಎರಡೂ ಕೈ ಸೆರೆಯಾದ್ದರಿಂದ ಮದ್ದಿನ ಗೀಟಿಗೆ ಚುಕ್ಕೆ ಇಡುವ ಪೆನ್ಸಿಲು ಅಕ್ಕನ ಪಾಲಿಗೆ ಬಂತು.

"ನೀವೇ ಓದ್ಬೇಕು ಮೇಡಂ," ಎಂದಳು ಗುಬ್ಬಿ. "ನಾನು ಓದಿದ್ರೆ ನನಗೆ ಬೇಕಾದ್ದೇ ಓದಿಬಿಡ್ತೀನಿ."

ಮೇಡಂ ಕನ್ನಡಕ ಏರಿಸಿಕೊಂಡರು. ಲಕೋಟೆಯ ಅಂಚು ಹರಿಯಿತು.

"ಒಂದು. ನೀರು."

ಒಂದನೆಯದು ತೆಳ್ಳಗಿತ್ತು. ಅಕ್ಕ ಅದರ ಕೆಳಗೆ ಏನೂ ಬರೆಯಲಿಲ್ಲ.

"ಎರಡು. ನೀರು."

ಎರಡನೆಯದೂ ತೆಳ್ಳಗೆ.

"ಮೂರು. ಮದ್ದು."

ಗುಬ್ಬಿಯ ಉಸಿರು ಗಾಜಿನ ಮೇಲೆ ಮಂಜಾಗಿ ಕೂತು ಮಾಯವಾಯಿತು. ಒಂದು ಎಳೆ ಗಾಢವಾಗಿದ್ದ ಮೂರನೆಯ ಗೀಟಿನ ಕೆಳಗೆ ಅಕ್ಕ ಒಂದು ಚುಕ್ಕೆ ಇಟ್ಟಳು.

"ನಾಲ್ಕು. ನೀರು."

"ಐದು. ಮದ್ದು."

ಮೇಡಂ ಅಲ್ಲಿ ನಿಂತು, ಕಾಗದದಿಂದ ತಲೆ ಎತ್ತಿ, ಗಾಜಿನ ಕಡೆ ಬಗ್ಗಿ ನೋಡಿದರು. ಅಕ್ಕ ಎರಡನೆಯ ಚುಕ್ಕೆಯನ್ನೂ ಗಾಢ ಗೀಟಿನ ಕೆಳಗೇ ಇಟ್ಟು, ಪೆನ್ಸಿಲಿನ ಮೊನೆಯನ್ನು ಆರನೆಯ ಗೀಟಿನ ಕೆಳಗೆ ಸರಿಸಿ, ಫಿಲ್ಮಿಗೆ ತಾಗಿಸದೆ, ಕೂದಲೆಳೆಯಷ್ಟು ಮುಂಚೆ ನಿಲ್ಲಿಸಿದಳು.

"ಓದಿ ಮೇಡಂ," ಎಂದಳು.